ಉಳಿದ ಗೋರಂಟಿ, ಮರೆತ ನೀಲಿ

ಕನಕಪುರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬೆಳಗಿನ ಹೊತ್ತು ನಿಂತರೆ ಹಿರಿಯರ ತಲೆಯ ಮೇಲೆ ಮೂರು ಬಣ್ಣ ಕಾಣುತ್ತವೆ: ನೆರೆತ ಬಿಳಿ, ಗೋರಂಟಿಯ ಕೆಂಪು, ಅಂಗಡಿ ಪೊಟ್ಟಣದ ಕಡುಗಪ್ಪು. ಗಡ್ಡಕ್ಕೆ ಗೋರಂಟಿ ಹಚ್ಚುವುದು ಮುಸ್ಲಿಂ ಹಿರಿಯರಲ್ಲಿ ಸಂಪ್ರದಾಯ. ಅವರಿಗೆ ಬೇಕಾದುದೇ ಕೆಂಪು. ಆದರೆ ಕಪ್ಪಾಗಲೆಂದು ಗೋರಂಟಿ ಹಚ್ಚಿ, ಕೆಂಪಾದ ಕೂದಲನ್ನು ಕನ್ನಡಿಯಲ್ಲಿ ಕಂಡು ಪೇಚಾಡಿದವರೂ ಕಡಿಮೆಯಿಲ್ಲ. ಹಾಗಾದರೆ ಪೊಟ್ಟಣದ ಮೇಲೆ ಅಚ್ಚಾಗಿರುವ ‘ಕಪ್ಪು ಮೆಹಂದಿ’ ಯಾವ ಗಿಡದ್ದು?

ಅಂಥ ಗಿಡವೇ ಇಲ್ಲ ಎಂಬುದು ನೇರ ಉತ್ತರ. ಕರಾವಳಿಯವರು ಮದರಂಗಿ ಎನ್ನುವ ಗೋರಂಟಿಯ ಎಲೆಯಲ್ಲಿರುವುದು ಲಾಸೋನ್ ಎಂಬ ಕೆಂಪು-ಕಿತ್ತಳೆ ವರ್ಣದ್ರವ್ಯ. ಕೂದಲು, ಉಗುರು, ಚರ್ಮ ಇವೆಲ್ಲ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದವು. ಲಾಸೋನ್ ಅದಕ್ಕೆ ಬಿಡದೆ ಅಂಟಿಕೊಳ್ಳುತ್ತದೆ. ಈಜಿಪ್ಟಿನ ಪುರಾತನ ಮಮ್ಮಿಗಳ ಕೂದಲಲ್ಲೂ ಗೋರಂಟಿಯ ಬಣ್ಣ ಕಂಡುಬಂದಿದೆ. ಆದರೆ ಎಷ್ಟು ಹೊತ್ತು ಬಿಟ್ಟರೂ ಅದು ಕೆಂಪನ್ನು ದಾಟಿ ಕಪ್ಪಾಗದು.

ಕಪ್ಪಾಗಬೇಕಾದರೆ ಇನ್ನೊಂದು ಎಲೆ ಬೇಕು. ಅದೇ ನೀಲಿ ಗಿಡ. ಕೆಂಪಿನ ಮೇಲೆ ನೀಲಿ ಕೂತರೆ ಕಣ್ಣಿಗೆ ಕಪ್ಪು. ಪರ್ಷಿಯಾದಲ್ಲಿ ಈ ಜೋಡಿಯನ್ನು ಬಹು ಹಿಂದಿನಿಂದಲೂ ಬಲ್ಲರು. ಎರಡು ಎಲೆಗಳ ಸ್ವಭಾವ ಮಾತ್ರ ತದ್ವಿರುದ್ಧ. ಗೋರಂಟಿ ಪುಡಿಯನ್ನು ನಿಂಬೆರಸದಂಥ ಹುಳಿಯಲ್ಲಿ ಕಲಸಿ ಗಂಟೆಗಟ್ಟಲೆ ನೆನೆಸಬೇಕು. ನೀಲಿ ಎಲೆಯ ಪುಡಿಯನ್ನು ಬೆಚ್ಚಗಿನ ನೀರಿನಲ್ಲಿ ಕಲಸಿ ಕಾಲು ಗಂಟೆಯಲ್ಲೇ ಹಚ್ಚಬೇಕು. ಏಕೆಂದರೆ ಎಲೆಯೊಳಗಿನ ಬಣ್ಣವಿಲ್ಲದ ಇಂಡಿಕಾನ್ ನೀರು ತಗಲಿದೊಡನೆ ಒಡೆಯುತ್ತದೆ. ಅದರಿಂದ ಹುಟ್ಟಿದ ವಸ್ತು ಗಾಳಿ ತಾಗಿ ನೀಲಿಯಾಗುತ್ತದೆ. ಈ ನೀಲಿಯಾಗುವ ಕೆಲಸ ಬಟ್ಟಲಿನಲ್ಲಲ್ಲ, ಕೂದಲಿನೊಳಗೆ ನಡೆಯಬೇಕು. ತೊಳೆದ ಮೇಲೂ ಬಣ್ಣ ಒಂದೆರಡು ದಿನ ಕಡುವಾಗುತ್ತಲೇ ಹೋಗುತ್ತದೆ. ಬಟ್ಟೆ ಅದ್ದುವ ನೀಲಿ ಗಟ್ಟಿ ತಲೆಗೆ ಉಪಯೋಗವಿಲ್ಲ. ಅದು ನೀರಿನಲ್ಲಿ ಕರಗದು.

ನಮ್ಮವರು ಕಂಡುಕೊಂಡ ಮೂರನೆಯ ದಾರಿ ಕಬ್ಬಿಣದ್ದು. ಆರನೆಯ ಶತಮಾನದ ವರಾಹಮಿಹಿರ ತನ್ನ ‘ಬೃಹತ್ಸಂಹಿತೆ’ಯಲ್ಲಿ ಸುಗಂಧದ್ರವ್ಯಗಳ ಅಧ್ಯಾಯವನ್ನು ಆರಂಭಿಸುವುದೇ ತಲೆಗೆ ಬಣ್ಣ ಹಾಕುವ ವಿಧಾನದಿಂದ. ಹಾರಕದ ಅಕ್ಕಿಯನ್ನು ಕಬ್ಬಿಣದ ಪಾತ್ರೆಯಲ್ಲಿ ಹುಳಿನೀರು ಮತ್ತು ಕಬ್ಬಿಣದ ಪುಡಿಯೊಡನೆ ಬೇಯಿಸಿ ಅರೆದು ಹಚ್ಚುವುದು, ಆಮೇಲೆ ನೆಲ್ಲಿಕಾಯಿಯ ಲೇಪ. ಕಬ್ಬಿಣವೂ ನೆಲ್ಲಿಕಾಯಿಯ ಒಗರೂ ಕೂಡಿದರೆ ಕಪ್ಪು. ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಮಸಿ ಮಾಡುತ್ತಿದ್ದುದೂ ಇದೇ ತತ್ತ್ವದಿಂದ. ಚಹಾ ಡಿಕಾಕ್ಷನ್ನಿನಲ್ಲಿ ಕಲಸಿದ ಗೋರಂಟಿಯನ್ನು ರಾತ್ರಿಯಿಡೀ ಕಬ್ಬಿಣದ ಬಾಣಲೆಯಲ್ಲಿಡುವ ಗೃಹಿಣಿ, ತಿಳಿದೋ ತಿಳಿಯದೆಯೋ, ಆ ಹಳೆಯ ವಿದ್ಯೆಯನ್ನೇ ಮುಂದುವರಿಸಿದ್ದಾಳೆ.

ಹಾಗಾದರೆ ನೀಲಿ ನಮ್ಮ ಮನೆಗಳಿಂದ ಮರೆಯಾದದ್ದೇಕೆ? ಗೋರಂಟಿಯನ್ನು ಯಾರೂ ದೊಡ್ಡ ವ್ಯಾಪಾರಕ್ಕಾಗಿ ಇಲ್ಲಿ ಬೆಳೆಯಲಿಲ್ಲ. ಅದು ಹಿತ್ತಲ ಬೇಲಿಯ ಗಿಡ, ಮದುವೆಮನೆಯ ಸೊಪ್ಪು. ಹಾಗಾಗಿ ಉಳಿಯಿತು. ನೀಲಿ ಮಾತ್ರ ಪ್ರಪಂಚದ ಮಾರುಕಟ್ಟೆಗೆ ಸಿಕ್ಕಿಬಿದ್ದ ಬೆಳೆ. ಕಡಪ, ದಕ್ಷಿಣ ಆರ್ಕಾಟು ಜಿಲ್ಲೆಗಳಲ್ಲಿ ಅದರ ದೊಡ್ಡ ಸಾಗುವಳಿಯಿತ್ತು. ಬಂಗಾಳದಲ್ಲಿ ತೋಟದೊರೆಗಳ ಹಿಂಸೆ ತಾಳದೆ ರೈತರು 1859ರಲ್ಲಿ ದಂಗೆಯೆದ್ದರು. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕಾರ್ಖಾನೆಯ ನೀಲಿಯನ್ನು ಮಾರಾಟಕ್ಕೆ ತಂದಿತು. ಮುಂದಿನ ಹದಿನೈದಿಪ್ಪತ್ತು ವರ್ಷಗಳಲ್ಲಿ ಭಾರತದ ನೀಲಿ ಬೆಳೆ ನೆಲಕಚ್ಚಿತು. ಹೊಲದಿಂದ ಗಿಡ ಹೋದಂತೆ ಬಾಯಿಂದ ಮಾತೂ ಹೋಯಿತು. ನೀಲಿ ಅದ್ದುವ ಕಸುಬಿನವರಿಗೆ ನೀಲಗಾರರೆಂಬ ಹೆಸರಿತ್ತು; ಇಂದು ಈ ಸೀಮೆಯಲ್ಲಿ ನೀಲಗಾರರೆಂದರೆ ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆ ಹಾಡುವವರಷ್ಟೇ ನೆನಪಾಗುತ್ತಾರೆ.

ಸೋಜಿಗವೆಂದರೆ, ನೀಲಿ ಕೊಡುವ ಮರವೊಂದು ಇಲ್ಲೇ ಇದೆ. ನೆರೆಯ ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರದ ಎಲೆಯಿಂದಲೂ ನೀಲಿ ತೆಗೆಯಬಹುದೆಂದು ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರ್ಗ್ ಹದಿನೆಂಟನೆಯ ಶತಮಾನದ ಕೊನೆಯಲ್ಲೇ ವಿವರಿಸಿದ್ದ. ಅದರ ಶಾಸ್ತ್ರೀಯ ಹೆಸರಿನಲ್ಲಿರುವ ‘ಟಿಂಕ್ಟೋರಿಯ’ ಪದಕ್ಕೆ ಬಣ್ಣಕ್ಕೊದಗುವುದು ಎಂದೇ ಅರ್ಥ. ಮರದ ತಿರುಳನ್ನು ಬಲ್ಲೆವು, ಎಲೆಯನ್ನು ಮರೆತೆವು.

ಹೀಗೆ ತೆರವಾದ ಜಾಗಕ್ಕೆ ಬಂದದ್ದು ಪ್ಯಾರಾಫಿನೈಲಿನ್ ಡೈಅಮೈನ್, ಸಂಕ್ಷೇಪದಲ್ಲಿ ಪಿಪಿಡಿ. ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರದ ಕೂಸಾದ ಇದು ಅರ್ಧ ಗಂಟೆಯೊಳಗೆ ಕೂದಲನ್ನು ಕಪ್ಪಾಗಿಸುತ್ತದೆ. ಬಹುಮಂದಿಗೆ ಇದರಿಂದ ತೊಂದರೆಯಾಗದು. ಒಗ್ಗದವರಿಗೆ ಮಾತ್ರ ನೆತ್ತಿ ಉರಿದು, ಕಣ್ಣುರೆಪ್ಪೆ ಬಾತು, ಮುಖವೆಲ್ಲ ಊದಿಕೊಳ್ಳುತ್ತದೆ. ಒಮ್ಮೆ ಒಗ್ಗದಾದರೆ ಆ ಗುಣ ಸಾಮಾನ್ಯವಾಗಿ ಬದುಕಿಡೀ ಉಳಿಯುತ್ತದೆ. ಗೋರಂಟಿ ಎಲೆಯ ಚಿತ್ರ ಹೊತ್ತ ಕೆಲವು ಪೊಟ್ಟಣಗಳಲ್ಲೂ ಇದೇ ಇರುತ್ತದೆ ಎಂಬುದೇ ಆತಂಕದ ಸಂಗತಿ.

ಆದ್ದರಿಂದ ಚಿತ್ರ ನೋಡಿ ಮೋಸಹೋಗಬಾರದು. ಹಿಂಬದಿಯ ಸಣ್ಣಕ್ಷರ ಓದಬೇಕು. ಯಾವುದೇ ಬಣ್ಣವನ್ನೂ ಮೊದಲು ಮೊಣಕೈ ಒಳಬದಿಗೆ ಚೂರು ಹಚ್ಚಿ ಎರಡು ದಿನ ಕಾಯಬೇಕು. ಎಲೆಯೂ ಕೆಲವರಿಗೆ ಒಗ್ಗದಿರಬಹುದು. ಇನ್ನೊಂದು ಸುಲಭದ ಗುರುತೂ ಉಂಟು. ಗಿಡದ ಕಪ್ಪಿಗೆ ಎರಡು ಎಲೆ ಬೇಕು, ಅರ್ಧ ದಿನ ಬೇಕು. ಒಂದೇ ಪೊಟ್ಟಣದಿಂದ ಗಳಿಗೆಯಲ್ಲಿ ಕಡುಗಪ್ಪು ಬಂತೆಂದರೆ ಅದು ಎಲೆಯ ಕೆಲಸವಲ್ಲ.