ಹಾಡುತ್ತ ಹಾಡುತ್ತ ರಾಗ

ಪಾಶ್ಚಾತ್ಯ ಜನಪ್ರಿಯ ಸಂಗೀತವನ್ನು ಕುರಿತ ಮಾತುಕತೆಯಲ್ಲಿ ಒಂದು ಆಕ್ಷೇಪಣೆ ಆಗಾಗ ಕೇಳಿಬರುತ್ತದೆ: 'ಆ ತಂಡಕ್ಕೆ ಸ್ವಂತ ಹಾಡುಗಳೇ ಇಲ್ಲ; ಕಂಡವರ ಹಾಡುಗಳನ್ನೇ ಹಾಡುತ್ತದೆ.' ಇದಕ್ಕೆ ಸ್ವೋಪಜ್ಞತೆಯ ಅಭಾವವೇ ಕಾರಣವೆಂಬ ತೀರ್ಮಾನವೂ ಬೆನ್ನಿಗೇ ಬರುತ್ತದೆ. ಈ ತೀರ್ಮಾನ ಎಷ್ಟರಮಟ್ಟಿಗೆ ನ್ಯಾಯವಾದುದು? ಸ್ವಂತ ಹಾಡುಗಳಿಂದಲೇ ಜಗತ್ಪ್ರಸಿದ್ಧವಾದ ಎರಡು ಇಂಗ್ಲಿಷ್ ತಂಡಗಳ ಆರಂಭದ ದಿನಗಳನ್ನು ನೋಡೋಣ.

ಮೊದಲನೆಯದು ಲಿವರ್‌ಪೂಲಿನ ಬೀಟಲ್ಸ್. 1960ರ ಆಗಸ್ಟ್ ತಿಂಗಳಲ್ಲಿ ಅವರು ಜರ್ಮನಿಯ ಹ್ಯಾಂಬರ್ಗ್ ನಗರಕ್ಕೆ ಹೋದಾಗ ಎಲ್ಲರೂ ಹದಿನೇಳರಿಂದ ಇಪ್ಪತ್ತರ ನಡುವಣ ಹುಡುಗರು. ಕುಡಿಯಲು, ಕುಣಿಯಲು ಕ್ಲಬ್ಬಿಗೆ ಬಂದವರನ್ನು ರಂಜಿಸುವುದು ಅವರ ಕೆಲಸ. ವಾರದ ದಿನಗಳಲ್ಲಿ ರಾತ್ರಿಗೆ ನಾಲ್ಕೂವರೆ ಗಂಟೆ, ಶನಿವಾರ ಭಾನುವಾರಗಳಲ್ಲಿ ಆರು ಗಂಟೆ ಹಾಡಬೇಕು. ಹಾಡಾದರೋ ಎರಡು ಮೂರು ನಿಮಿಷದ್ದು. ಅಷ್ಟು ಹೊತ್ತನ್ನು ಸ್ವಂತ ರಚನೆಗಳಿಂದ ತುಂಬುವುದು ಯಾರಿಗೆ ಸಾಧ್ಯ? ಕುಣಿಯುವವನಿಗೆ ಬೇಕಾದದ್ದೂ ಪರಿಚಿತವಾದ ಲಯವೇ. ಆದ್ದರಿಂದ ಚಕ್ ಬೆರಿ, ಲಿಟಲ್ ರಿಚರ್ಡ್, ಕಾರ್ಲ್ ಪರ್ಕಿನ್ಸ್ ಮೊದಲಾದ ಅಮೆರಿಕನ್ನರ ಹಾಡುಗಳೇ ಅವರ ಬಂಡವಾಳವಾದವು.

ಇನ್ನೊಂದು ಕಾರಣವೂ ಉಂಟು. ಅಂದಿನ ಬ್ರಿಟನ್ನಿನಲ್ಲಿ ಹಾಡು ಕಟ್ಟುವವನು ಬೇರೆ, ಹಾಡುವವನು ಬೇರೆ ಎಂಬುದೇ ರೂಢಿ. 1962ರ ಜನವರಿ 1ರಂದು ಲಂಡನ್ನಿನ ಡೆಕ್ಕಾ ಕಂಪನಿಯ ಪರೀಕ್ಷೆಗೆ ನಿಂತಾಗ ಬೀಟಲ್ಸ್ ಹಾಡಿದ 15 ಹಾಡುಗಳಲ್ಲಿ ಸ್ವಂತದ್ದು ಮೂರೇ. ಕಂಪನಿ ಅವರನ್ನು ನಿರಾಕರಿಸಿತು. ಅದೇ ವರ್ಷ ಅವರನ್ನು ಸೇರಿಸಿಕೊಂಡ ಜಾರ್ಜ್ ಮಾರ್ಟಿನ್ ಕೂಡ ವೃತ್ತಿಪರ ರಚನಕಾರನೊಬ್ಬನ ಸಿದ್ಧ ಹಾಡನ್ನೇ ಕೈಗಿತ್ತರು. ಹುಡುಗರು ಅದನ್ನು ಹಾಡಿಕೊಟ್ಟರು. ಆದರೆ ಹೊರಬರಬೇಕಾದದ್ದು ತಮ್ಮದೇ ಹಾಡು ಎಂದು ಪಟ್ಟುಹಿಡಿದರು. ಅಕ್ಟೋಬರಿನಲ್ಲಿ 'ಲವ್ ಮಿ ಡು' ಹೊರಬಂದಿತು.

ಈ ಹಟ ಎಲ್ಲಿಂದ ಬಂತು? ಲಿವರ್‌ಪೂಲಿನ ತಂಡಗಳೆಲ್ಲ ಅವೇ ಅಮೆರಿಕನ್ ಹಾಡುಗಳನ್ನು ಹಾಡುತ್ತಿದ್ದವು. ಮುಂಚೆ ವೇದಿಕೆಯೇರಿದವರು ಅದನ್ನೇ ಹಾಡಿ ಇಳಿದರೆ ಆಮೇಲೆ ಬಂದವರಿಗೆ ಉಳಿಯುವುದೇನು? ಬೇರೆಯವರು ಮೊದಲೇ ಹಾಡಿಬಿಡಲಾಗದ್ದು ಸ್ವಂತ ಹಾಡೊಂದೇ. ಹೀಗೆ, ಪರರ ಹಾಡೇ ಸ್ವಂತ ಹಾಡಿನ ಅಗತ್ಯವನ್ನು ಕಲಿಸಿತು.

ಆದರೂ 1963ರ ಅವರ ಮೊದಲ ದೊಡ್ಡ ಧ್ವನಿಮುದ್ರಿಕೆಯ 14 ಹಾಡುಗಳಲ್ಲಿ ಆರು ಪರರವು. ಆ ಹದಿನಾಲ್ಕರಲ್ಲಿ ಹತ್ತನ್ನು ಒಂದೇ ದಿನದಲ್ಲಿ, ಫೆಬ್ರವರಿ 11ರಂದು, ಮುದ್ರಿಸಿದರು. ಹ್ಯಾಂಬರ್ಗಿನ ರಾತ್ರಿಗಳ ಸಾಧನೆಯಿಲ್ಲದೆ ಅದು ಆಗುವ ಮಾತಲ್ಲ. 1964ರ ಜುಲೈನಲ್ಲಿ ಬಂದ ಧ್ವನಿಮುದ್ರಿಕೆಯ 13 ಹಾಡುಗಳೂ ಅವರವೇ. ಆದರೆ ಬಿಡುವಿಲ್ಲದ ಪ್ರವಾಸದಲ್ಲಿ ದಣಿದು ಅದೇ ಡಿಸೆಂಬರಿನಲ್ಲಿ ಮತ್ತೆ ಆರು ಪರರ ಹಾಡುಗಳಿಗೆ ಮರಳಿದರು.

ಎರಡನೆಯ ತಂಡ ರೋಲಿಂಗ್ ಸ್ಟೋನ್ಸ್. 1964ರ ಅವರ ಮೊದಲ ದೊಡ್ಡ ಧ್ವನಿಮುದ್ರಿಕೆಯ 12 ಹಾಡುಗಳಲ್ಲಿ ಒಂಬತ್ತು ಪರರವು. ಇಲ್ಲಿ ಕಾರಣ ಅನಿವಾರ್ಯತೆಗಿಂತ ಭಕ್ತಿ. ಅಮೆರಿಕದ ಕರಿಯ ಜನರ ಬ್ಲೂಸ್ ಗಾಯನಕ್ಕೆ ಅವರು ಮನಸೋತಿದ್ದರು. ತಂಡದ ಹೆಸರು ಕೂಡ ಮಡಿ ವಾಟರ್ಸ್ ಅವರ ಹಾಡೊಂದರಿಂದ ಬಂದದ್ದು. ಆದರೆ ಇಲ್ಲಿ ಒಂದು ನೈತಿಕ ಪ್ರಶ್ನೆಯಿದೆ. ಹಾಡನ್ನು ಮತ್ತೊಬ್ಬರು ಹಾಡಿದಾಗ ರಾಯಲ್ಟಿ ಸಲ್ಲುವುದು ರಚನಕಾರನಿಗೆ. ಮೊದಲು ಹಾಡಿ ಅದಕ್ಕೆ ಜೀವ ತುಂಬಿದ ಗಾಯಕನಿಗಲ್ಲ. ತಮ್ಮ ದೇಶದಲ್ಲೇ ಬಹುಪಾಲು ಬಿಳಿಯರ ಮನೆಗಳಿಗೆ ಅಪರಿಚಿತರಾಗಿದ್ದ ಕಲಾವಿದರ ಧಾಟಿಯಿಂದ ದೂರದ ತರುಣರು ಕೀರ್ತಿ ಪಡೆದರು. ಆ ಋಣದ ಅರಿವು ತಂಡಕ್ಕಿತ್ತು. 1965ರ ಮೇ ತಿಂಗಳಲ್ಲಿ ಅಮೆರಿಕದ 'ಶಿಂಡಿಗ್' ಎಂಬ ದೂರದರ್ಶನ ಕಾರ್ಯಕ್ರಮಕ್ಕೆ ಕರೆಬಂದಾಗ ಅವರು ಹೌಲಿನ್ ವುಲ್ಫ್ ಅವರನ್ನೂ ಕರೆಸಬೇಕೆಂದು ಕೇಳಿ, ಐವತ್ತು ದಾಟಿದ ಆ ಹಿರಿಯರ ಕಾಲಬಳಿ ಕುಳಿತು ಹಾಡು ಕೇಳಿದರು. ಅದರಿಂದ ಋಣ ತೀರಿತೆನ್ನಲಾಗದು. ಆದರೆ ಋಣವನ್ನು ಸಭೆಯಲ್ಲಿ ಒಪ್ಪಿಕೊಂಡಂತಾಯಿತು.

ಅರ್ಧ ಶತಮಾನದ ಮೇಲೆ, 2016ರಲ್ಲಿ, ಸ್ವಂತ ಹಾಡುಗಳ ಭಂಡಾರವೇ ಇದ್ದ ಆ ತಂಡ 12 ಹಳೆಯ ಬ್ಲೂಸ್ ಹಾಡುಗಳದೇ ಒಂದು ಧ್ವನಿಮುದ್ರಿಕೆಯನ್ನು ಹೊರತಂದಿತು. ಇದನ್ನು ಸ್ವೋಪಜ್ಞತೆಯ ಬಡತನವೆನ್ನೋಣವೆ?

ಪರರ ಹಾಡು ಒಬ್ಬರಿಗೆ ಅನ್ನ, ಒಬ್ಬರಿಗೆ ಪಾಠ, ಮತ್ತೊಬ್ಬರಿಗೆ ಪೂಜೆ. ಹಾಡು ಯಾರದೆಂದು ಕೇಳುವುದು ಸರಿಯೇ. ಆದರೆ ಅದಕ್ಕೆ ಸಲ್ಲಬೇಕಾದವರಿಗೆ ಸಂದಿತೇ ಎಂದು ಕೇಳುವುದು ಇನ್ನೂ ಮುಖ್ಯ. ಉಳಿದಂತೆ, ಹಾಡುತ್ತ ಹಾಡುತ್ತ ರಾಗ ಎಂಬ ನಮ್ಮ ಹಿರಿಯರ ಮಾತು ಹ್ಯಾಂಬರ್ಗಿಗೂ ಸಲ್ಲುತ್ತದೆ.