ಮೆಥನಾಲ್ ಎಂಬ ಜೊತೆಗಾರ
ಇಂಗಾಲದ ಡೈಆಕ್ಸೈಡ್ 31 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಎಷ್ಟೇ ಒತ್ತಿದರೂ ದ್ರವವಾಗದು; 1869ರಲ್ಲಿ ಥಾಮಸ್ ಆಂಡ್ರ್ಯೂಸ್ ಇದನ್ನು ವಿವರಿಸಿದರು. ಲೋಣಾವಳಾದಂಥ ಗಿರಿಧಾಮದ ಏಪ್ರಿಲ್ ಮಧ್ಯಾಹ್ನವೂ ದಾಟುವ ಉಷ್ಣತೆಯಿದು. ಅದರ ಮೇಲೆ, 74 ಬಾರ್ ಮೀರಿದ ಒತ್ತಡದಲ್ಲಿ, ಅದು ಅನಿಲದಂತೆ ಹರಿದು ದ್ರವದಂತೆ ಕರಗಿಸುತ್ತದೆ.

ಇಂಥ ಸ್ಥಿತಿಯ ಅನಿಲವನ್ನು ಹರಿಸಿ ಬೆರೆತ ಪದಾರ್ಥಗಳನ್ನು ಬೇರ್ಪಡಿಸುವ ಕ್ರೊಮಾಟೊಗ್ರಫಿ 1962ರಲ್ಲಿ ಕ್ಲೆಸ್ಪರ್ ಮತ್ತು ಸಂಗಡಿಗರಿಂದ ಮೊದಲಾಯಿತು. 1968ರಲ್ಲಿ ಗಿಡಿಂಗ್ಸ್ ತಂಡ ಸಾಂದ್ರ ಇಂಗಾಲದ ಡೈಆಕ್ಸೈಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನ ಪಕ್ಕದಲ್ಲಿ ಕೂರಿಸಿತು. ಒತ್ತಡ ಏರಿಸಿದರೆ ಸಾಕು, ಏನನ್ನೂ ಕರಗಿಸಬಹುದೆಂಬ ಭರವಸೆ ಬೆಳೆಯಿತು. ಪ್ರಯೋಗಗಳು ಬೇರೆಯದನ್ನೇ ಹೇಳಿದವು: ಅದರ ಸ್ವಭಾವ ಹೆಕ್ಸೇನಿಗೆ ಹತ್ತಿರ. ಧ್ರುವೀಯ ಔಷಧಗಳು ಕೊಳವೆಯೊಳಗಿನ ಸಿಲಿಕಾಕ್ಕೆ ಅಂಟಿ ಕುಳಿತವು.

ಅವನ್ನು ಬಿಡಿಸಿದ್ದು ಮೆಥನಾಲ್. ಅದು ಅಣುವನ್ನು ಕರಗಿಸುವುದಲ್ಲದೆ ಸಿಲಿಕಾದ ಹಿಡಿತದ ತಾಣಗಳನ್ನೂ ಮುಚ್ಚುತ್ತದೆ. ಆದ್ದರಿಂದಲೇ ಆಯ್ಕೆಯಲ್ಲಿ ಅದಕ್ಕೆ ಮೊದಲ ಮಣೆ; ಬೇರ್ಪಡಿಕೆ ಸಾಲದಿದ್ದರೆ ಎಥನಾಲ್, ಐಸೊಪ್ರೊಪನಾಲ್. ಅಸಿಟೊನೈಟ್ರೈಲ್ ಒಂಟಿಯಾಗಿ ದುರ್ಬಲ. ಕ್ಷಾರೀಯ ಔಷಧಕ್ಕೆ ತುಸು ಡೈಈಥೈಲ್ ಅಮೀನ್, ಆಮ್ಲೀಯಕ್ಕೆ ತುಸು ಆಮ್ಲ ಬೆರೆಸುವುದು ರೂಢಿ.

ಮೆಥನಾಲ್ ಬೆರೆತೊಡನೆ 31 ಡಿಗ್ರಿಯ ಆ ಗಡಿಯೂ ಮೇಲೇರುತ್ತದೆ. ಇಂದಿನ ಎಷ್ಟೋ ಬೇರ್ಪಡಿಕೆಗಳು ನಡೆಯುವುದು ಗಡಿಯ ಈಚೆಗೇ. ಹೆಸರು ಮಾತ್ರ ಆಚೆಯದಾಗಿ ಉಳಿದಿದೆ. ಕೆಲಸ ಮಾಡಿದ್ದು ಜೊತೆಗಾರ.