ಚಕ್ಕಡಿ ಹಾದಿಯಿಂದ ಹೆದ್ದಾರಿಗೆ

ಭೋಜದಿಂದ ನಿಪ್ಪಾಣಿಗೆ ಹೋಗುವ ಹಾದಿಯನ್ನು ನಾವು ‘ರಸ್ತೆ’ ಎನ್ನುತ್ತೇವೆ, ಮನೆಯ ಉರ್ದುವಿನಲ್ಲಿ ‘ಸಡಕ್’ ಎನ್ನುತ್ತೇವೆ. ನಿಪ್ಪಾಣಿ ತಲುಪಿದರೆ ‘ಹೆದ್ದಾರಿ’ ಎದುರಾಗುತ್ತದೆ. ಈ ಹೆಸರುಗಳು ಎಲ್ಲಿಂದ ಬಂದವು ಎಂದು ಎಂದಾದರೂ ಯೋಚಿಸಿದ್ದೀರಾ?

ಮೊದಲು ಸ್ಪೇನ್ ದೇಶದ ಒಂದು ಉದಾಹರಣೆ ನೋಡೋಣ. ಊರಿಂದೂರಿಗೆ ಹೋಗುವ ದೊಡ್ಡ ರಸ್ತೆಗೆ ಅಲ್ಲಿ ‘ಕರೆತೆರಾ’ ಎನ್ನುತ್ತಾರೆ. ‘ಕರೆತಾ’ ಎಂದರೆ ಬಂಡಿ, ನಮ್ಮ ಭಾಗದ ಮಾತಿನಲ್ಲಿ ಚಕ್ಕಡಿ. ಅಂದರೆ ಕರೆತೆರಾ ಎಂಬುದು ಚಕ್ಕಡಿ ಸಾಗುವ ಹಾದಿ. ಅದರ ಬೇರು ಲ್ಯಾಟಿನ್ ಭಾಷೆಯ ‘ಕಾರ್ರುಸ್’. ಇಂಗ್ಲಿಷಿನ ‘ಕಾರ್’ ಕೂಡ ಇದೇ ಬಳ್ಳಿಯದು. ರೋಮನ್ನರು ಈ ಪದವನ್ನು ತಾವು ಗೆದ್ದ ಗಾಲ್ ಜನರಿಂದ ಪಡೆದರು. ಗೆದ್ದವರು ಸೋತವರ ಮಾತನ್ನು ಕಲಿತರು ಎಂಬುದು ಗಮನಾರ್ಹ.

ಸ್ಪೇನಿನಲ್ಲಿ ಮುಸ್ಲಿಮರ ಆಳ್ವಿಕೆ 711ರಲ್ಲಿ ಆರಂಭವಾಗಿ 1492ರಲ್ಲಿ ಗ್ರಾನಡಾದಲ್ಲಿ ಕೊನೆಗೊಂಡಿತು. ಅರಬ್ಬಿಯ ‘ರಸೀಫ್’ ಎಂದರೆ ಕಲ್ಲು ಹಾಸಿದ ದಾರಿ. ಅದೇ ಸ್ಪ್ಯಾನಿಷ್‌ನಲ್ಲಿ ‘ಅರ್ರೆಸೀಫೆ’ ಆಗಿ, ಗಟ್ಟಿಯಾಗಿ ಕಟ್ಟಿದ ರಸ್ತೆಗೆ ಹೆಸರಾಯಿತು. ಅರಸೊತ್ತಿಗೆ ಹೋದರೂ ಮಾತು ಉಳಿಯಿತು.

ಈಗ ನಮ್ಮ ನಾಡಿಗೆ ಬರೋಣ. ‘ಹೆದ್ದಾರಿ’ ಎಂದರೆ ಹಿರಿದಾದ ದಾರಿ, ಅಚ್ಚಗನ್ನಡದ ಪದ. ‘ರಸ್ತೆ’ ಮಾತ್ರ ಫಾರಸಿಯಿಂದ ಬಂದದ್ದು. ‘ರಾಸ್ತ್’ ಎಂದರೆ ನೇರ, ಸರಿಯಾದುದು. ಅದೇ ಪದ ಮರಾಠಿಯಲ್ಲಿ ‘ರಸ್ತಾ’, ಉರ್ದುವಿನಲ್ಲಿ ‘ರಾಸ್ತಾ’. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಶರದ್ ಜೋಶಿಯವರ ನೇತೃತ್ವದಲ್ಲಿ ನ್ಯಾಯವಾದ ಬೆಲೆಗಾಗಿ ಪುಣೆ–ಬೆಂಗಳೂರು ಹೆದ್ದಾರಿಯನ್ನು ತಡೆದು ಕುಳಿತರು. ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು. ಆ ಬಗೆಯ ಹೋರಾಟಕ್ಕೆ ‘ರಸ್ತಾ ರೋಕೋ’ ಎಂದೇ ಹೆಸರು. ಗಡಿ ಭಾಗದಲ್ಲಿ ಯಾವ ಭಾಷೆಯ ರೈತನಿಗೂ ಅದನ್ನು ಅನುವಾದಿಸಿ ಹೇಳಬೇಕಾಗಿಲ್ಲ.

ಅಂದು ರಾಷ್ಟ್ರೀಯ ಹೆದ್ದಾರಿ 4 ಆಗಿದ್ದ ಆ ರಸ್ತೆ 2010ರ ಮರುಸಂಖ್ಯೆಯಲ್ಲಿ 48 ಆಯಿತು. ಸಂಖ್ಯೆ ಸರಕಾರದ ಒಂದು ಆದೇಶದಿಂದ ಬದಲಾಗುತ್ತದೆ. ಜನರ ಬಾಯಲ್ಲಿ ನಿಂತ ಹೆಸರು ಹಾಗೆ ಬದಲಾಗುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ಗಡಿಯಲ್ಲಿ ಹುಟ್ಟಿದ ನಿಮ್ಮನ್ನು ‘ನಿಮ್ಮ ಭಾಷೆ ಯಾವುದು?’ ಎಂದು ಹಲವರು ಕೇಳುತ್ತಾರೆ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವುದು ಕೊರತೆಯಲ್ಲ, ಅದು ಸಂಪತ್ತು. ಪದಗಳೂ ಚಕ್ಕಡಿಯಂತೆ ಊರೂರು ಸುತ್ತಿ ಸರಕು ತರುತ್ತವೆ. ಮೂರನ್ನೂ ಚೆನ್ನಾಗಿ ಕಲಿಯಿರಿ. ಕನ್ನಡದಲ್ಲಿ ಬರೆಯಲು ಹಿಂಜರಿಯಬೇಡಿ. ‘ರಸ್ತೆ’ಯನ್ನು ತನ್ನದಾಗಿಸಿಕೊಂಡ ಕನ್ನಡ ನಿಮ್ಮದೂ ಹೌದು.